ಕರಿ ರಟ್ಟು

ಕತ್ತಲಲ್ಲಿ ಫೋಟೊ ತೆಗೆಯುವವರನ್ನು ಮದುವೆಯಾಗಬೇಡ ಎಂದು ನನಗೆ ಯಾರೂ ಹೇಳಲಿಲ್ಲ. ಹೇಳಿದ್ದರೂ ನಾನು ಕೇಳುತ್ತಿರಲಿಲ್ಲ, ಅದು ಬೇರೆ ಮಾತು. ಹಗಲೆಲ್ಲ ನಮ್ಮ ಸ್ಟುಡಿಯೊದಲ್ಲಿ ಊರವರ ಮುಖಗಳನ್ನು ತೆಗೆದು, ಕಪ್ಪಾಗುತ್ತಲೇ ನಮ್ಮವರು ಕ್ಯಾಮೆರಾ, ಸ್ಟ್ಯಾಂಡು ಹೊತ್ತುಕೊಂಡು ಹೊರಡುತ್ತಿದ್ದರು. ಹಿಂದೆ ಅವರ ತಮ್ಮ, ಅಡಿಯಿಂದ ಮುಡಿಯವರೆಗೆ ಕರಿ ಬಟ್ಟೆ, ಮಣಿಕಟ್ಟಿಗೆ ಪಟ್ಟಿ ಹಾಕಿ ಬಿಗಿದ ಟಾರ್ಚು. ನೋಡಿದವರು ಕನ್ನ ಹಾಕಲು ಹೊರಟವರು ಅಂದುಕೊಳ್ಳಬೇಕು, ಹಾಗೆ. ಬಿಸಿಲು ಪುಕ್ಕಟೆ ಬಿದ್ದಿರುವಾಗ ಕತ್ತಲಲ್ಲಿ ಬ್ಯಾಟರಿ ಸುಟ್ಟುಕೊಂಡು ಫೋಟೊ ತೆಗೆಯುವ ಇವರ ತಲೆಗೆ ಏನಾಗಿದೆಯೋ ಎಂದು ಅತ್ತೆ ಗೊಣಗುತ್ತಿದ್ದರು. ತಮ್ಮನಿಗೆ ಮಿಣುಕ ಎಂದು ಹೆಸರಿಟ್ಟವಳು ನಾನೇ. ಹಗಲು ಶಾಲೆಯ ವ್ಯಾನು ಓಡಿಸುತ್ತಿದ್ದ, ಸಂಜೆ ಅಣ್ಣನಿಗೆ ಟಾರ್ಚು ಹಿಡಿಯುತ್ತಿದ್ದ.

ಗೊತ್ತಿಲ್ಲದವರಿಗೆ ಈ ಕೆಲಸವನ್ನು ಸ್ವಲ್ಪ ಹೇಳಬೇಕು. ಕತ್ತಲ ಜಾಗದಲ್ಲಿ ಕ್ಯಾಮೆರಾವನ್ನು ಅಲ್ಲಾಡದಂತೆ ನಿಲ್ಲಿಸಿ, ಅದರ ಕಣ್ಣನ್ನು ನಿಮಿಷಗಟ್ಟಲೆ ತೆರೆದಿಡುತ್ತಾರೆ. ಅಷ್ಟು ಹೊತ್ತೂ ಟಾರ್ಚು ಹಿಡಿದವನು ಚಿತ್ರದೊಳಗೇ ಓಡಾಡುತ್ತ ಗೋಡೆ, ಕಂಬ, ಮೆಟ್ಟಿಲುಗಳಿಗೆ ಸುಣ್ಣ ಬಳಿದ ಹಾಗೆ ಬೆಳಕು ಬಳಿಯುತ್ತಾನೆ. ಬೆಳಕು ಬಿದ್ದದ್ದೆಲ್ಲ ಚಿತ್ರದಲ್ಲಿ ಮೂಡುತ್ತದೆ. ಬಳಿಯುವವನು ಮಾತ್ರ ಮೂಡುವುದಿಲ್ಲ, ಅವನು ಕರಿ ಬಟ್ಟೆಯಲ್ಲಿರುತ್ತಾನೆ, ಒಂದು ಕಡೆ ನಿಲ್ಲುವುದೂ ಇಲ್ಲ. ಯಾವುದಾದರೂ ಜಾಗ ಹೆಚ್ಚು ಹೊಳೆಯಬೇಕಿದ್ದರೆ ಕಂಬದ ಮರೆಯಲ್ಲೋ ಮೆಟ್ಟಿಲ ಮರೆಯಲ್ಲೋ ಕೂತು ಟಾರ್ಚನ್ನು ಅಲ್ಲಾಡಿಸದೆ ಹಿಡಿಯಬೇಕು. ಅದಕ್ಕೆ ನಮ್ಮ ಮನೆಯಲ್ಲಿ ನೆನೆಸುವುದು ಅನ್ನುತ್ತಾರೆ. ‘ಆ ಕಂಬ ಇನ್ನೂ ನೆನೆಯಬೇಕು’ ಅಂದರೆ ಅರ್ಥ ಇಷ್ಟೇ.

ಅಣ್ಣ ತಮ್ಮಂದಿರ ನಡುವೆ ಒಂದೆರಡು ಕಟ್ಟಪ್ಪಣೆಗಳಿದ್ದವು. ಕಣ್ಣು ತೆರೆದಿರುವಾಗ ಕ್ಯಾಮೆರಾ ಹತ್ತಿರ ಇರುವವರು ಬಾಯಿ ಬಿಡಬಾರದು. ಮಿಣುಕ ಮನಸ್ಸಿನಲ್ಲೇ ಎಣಿಸುತ್ತ ಬಳಿಯುತ್ತಿದ್ದ, ಯಾರಾದರೂ ಕರೆದರೆ ಲೆಕ್ಕ ತಪ್ಪುತ್ತದೆ ಎಂದು ಆ ನಿಯಮ ಮಾಡಿದವನು ಅವನೇ. ಮುಗಿಯಿತು ಅನ್ನಬೇಕಾದವನೂ ಅವನೇ. ಇನ್ನೊಂದು, ಟಾರ್ಚಿನ ಬಾಯಿ ಎಂದೂ ಕ್ಯಾಮೆರಾ ಕಡೆಗೆ ತಿರುಗಬಾರದು. ತಿರುಗಿದರೆ ಚಿತ್ರದಲ್ಲಿ ಸುಟ್ಟ ಹಾಗೆ ಬಿಳಿ ತೂತು ಬೀಳುತ್ತದೆ. ರಸ್ತೆಯಲ್ಲಿ ಲಾರಿ ಗೀರಿ ಬಂದು ಅದರ ಬೆಳಕು ಒಳಗೆ ನುಗ್ಗಿದರೆ, ನಮ್ಮವರು ಕೈಯಲ್ಲಿ ಸಿದ್ಧವಾಗಿಟ್ಟುಕೊಂಡ ಒಂದು ಕರಿ ರಟ್ಟನ್ನು ಕ್ಯಾಮೆರಾದ ಕಣ್ಣಿಗೆ ಅಡ್ಡ ಹಿಡಿಯುತ್ತಿದ್ದರು. ಗಾಡಿ ಹೋದ ಮೇಲೆ ತೆಗೆಯುತ್ತಿದ್ದರು. ರಟ್ಟು ಅಡ್ಡ ಇದ್ದಷ್ಟು ಹೊತ್ತು ಏನೇ ನಡೆದರೂ ಕ್ಯಾಮೆರಾದ ಪಾಲಿಗೆ ಅದು ನಡೆದೇ ಇಲ್ಲ.

ಚಿತ್ರ ಕಂಪ್ಯೂಟರಿಗೆ ಬಂದ ಮೇಲೆ ನನ್ನ ಕೆಲಸ. ಸ್ಟುಡಿಯೊದ ಹಿಂದಿನ ಕೋಣೆಯಲ್ಲಿ ಕೂತು ಚುಕ್ಕೆ, ಕಲೆ, ತಂತಿ, ಬೇಡದ ಬೆಳಕು ಎಲ್ಲ ಒರೆಸಿ ಹಾಕುತ್ತೇನೆ. ಜನರ ಮೊಡವೆ ತೆಗೆದೂ ತೆಗೆದೂ ನನ್ನ ಕಣ್ಣು ಹಾಳಾಗಿದೆ, ಆದರೆ ಬೇಡದ್ದೊಂದು ಚಿತ್ರದಲ್ಲಿದ್ದರೆ ನನ್ನ ಕಣ್ಣಿಗೆ ಅದೇ ಮೊದಲು ಬೀಳುತ್ತದೆ.

ಮುಚ್ಚಿಹೋದ ಒಂದು ನೂಲಿನ ಗಿರಣಿಯ ಕೆಲಸ ಬಂತು. ಯಂತ್ರಗಳನ್ನೆಲ್ಲ ಕಿತ್ತು ಅದನ್ನು ದೊಡ್ಡ ಅಂಗಡಿ ಮಾಡುವವರಿದ್ದರು. ಕೆಡವುವ ಮುಂಚೆ ಒಳಗಿನ ಉದ್ದನೆಯ ಶೆಡ್ಡಿನ ಒಂದು ಚಿತ್ರ, ಗೋಡೆ ತುಂಬುವಷ್ಟು ದೊಡ್ಡದು, ಹೊಸ ಅಂಗಡಿಯ ಬಾಗಿಲಲ್ಲಿ ಹಾಕಲು ಬೇಕು ಎಂದು ಯಜಮಾನರು ಹೇಳಿಕಳಿಸಿದ್ದರು. ಅಂಗಳದ ದೀಪಗಳನ್ನು ಆರಿಸಿ ಕೊಡುವುದು ಒಂದೇ ಸಂಜೆ, ಮತ್ತೆ ಕೇಳಬೇಡಿ ಎಂದೂ ಹೇಳಿದ್ದರು. ನಮ್ಮವರು ಆ ವಾರವೆಲ್ಲ ನೆಲದ ಮೇಲೆ ನಡೆಯಲಿಲ್ಲ. ಇಂಥದ್ದೊಂದು ಚಿತ್ರಕ್ಕಾಗಿ ಅವರು ಎಷ್ಟು ವರ್ಷದಿಂದ ಕಾದಿದ್ದರು ಎಂದು ನನಗೆ ಗೊತ್ತು, ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಅವತ್ತು ಹೊರಡುವ ಮುಂಚೆ ಅಣ್ಣ ತಮ್ಮಂದಿರಿಗೆ ಜಟಾಪಟಿಯಾಯಿತು. ಈ ಸಲ ಒಂದು ಚಿತ್ರಕ್ಕಾದರೂ ತಾನು ಕ್ಯಾಮೆರಾ ಹಿಡಿಯುತ್ತೇನೆ, ನೀನು ಟಾರ್ಚು ಹಿಡಿ ಎಂದು ಮಿಣುಕ ಕೇಳಿದ. ನಮ್ಮವರು ನಕ್ಕುಬಿಟ್ಟರು. ಅವನು ಮತ್ತೆ ಕೇಳಿದ್ದಕ್ಕೆ, ಟಾರ್ಚು ಹಿಡಿಯೋಕೆ ಬೇರೆ ಯಾರನ್ನಾದರೂ ಕರ್ಕೊಂಡು ಹೋಗ್ತೀನಿ ಬೇಕಾದರೆ ಅಂದರು. ಮಿಣುಕ ಮುಖ ಊದಿಸಿಕೊಂಡೇ ಜೊತೆಗೆ ಹೋದ. ನಾನು ಇಬ್ಬರನ್ನೂ ಬೈದು ಕಳಿಸಿದೆ. ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಮನೆಯವರೆಲ್ಲ ಹೇಳುತ್ತಾರೆ, ಹೇಳಲಿ.

ಊಟದ ಹೊತ್ತಿಗೆ ನಮ್ಮವರ ಫೋನು ಬಂತು. ಮಿಣುಕ ಬಿದ್ದಿದ್ದಾನೆ, ಆಸ್ಪತ್ರೆಗೆ ಬಾ, ಅಮ್ಮನಿಗೆ ಮೆಲ್ಲಗೆ ಹೇಳು. ಮೆಲ್ಲಗೆ ಹೇಳುವುದು ನನಗೆ ಬರುವುದಿಲ್ಲ. ಅತ್ತೆ ಕೈಯಲ್ಲಿದ್ದ ತಟ್ಟೆ ಹಾಗೇ ಬಿಟ್ಟು ಎದ್ದರು.

ಆಸ್ಪತ್ರೆಯ ಕಾರಿಡಾರಿನ ಬೆಂಚಿನಲ್ಲಿ ಕೂತು ನಮ್ಮವರು ಹೇಳಿದ್ದು ಇಷ್ಟು. ಮಿಣುಕ ಶೆಡ್ಡಿನ ಆ ತುದಿಯ ಕಬ್ಬಿಣದ ಮೆಟ್ಟಿಲನ್ನು ಬೆಳಗುತ್ತ ಇಳಿದು, ಕೆಳಗೆ ಕೂತು ಕಂಬದ ಬುಡ ನೆನೆಸಬೇಕಿತ್ತು. ಬೆಳಕು ಇಳಿಯಿತು, ಕೆಳಗೆ ನಿಂತಿತು. ಎಲ್ಲ ಅಂದುಕೊಂಡ ಹಾಗೇ ಆಯಿತು. ಅಂಗಳದಲ್ಲಿ ನೀರೆತ್ತುವ ಪಂಪು ಬಡಬಡ ಅನ್ನುತ್ತಿದ್ದರಿಂದ ಬೇರೆ ಸದ್ದು ಕೇಳಲಿಲ್ಲ. ಮುಗಿಯಿತು ಎಂದು ಅವನು ಕೂಗದಿದ್ದಾಗ ಇವರೇ ಕ್ಯಾಮೆರಾ ಮುಚ್ಚಿ ಕರೆದರು. ಉತ್ತರ ಇಲ್ಲ. ದೀಪ ಹಿಡಿದು ಹೋದರೆ ಮಿಣುಕ ಶೆಡ್ಡಿನ ನಡುಮಧ್ಯೆ ಬೋರಲು ಬಿದ್ದಿದ್ದ. ಮೆಟ್ಟಿಲಿನ ಒಂದು ಹಲಗೆ ಕಳಚಿತ್ತಂತೆ. ಬಿದ್ದಲ್ಲಿಂದ ಅಷ್ಟು ದೂರ ತೆವಳಿಕೊಂಡು ಬಂದಿದ್ದನಂತೆ.

ಸೊಂಟದ ಮೂಳೆ ಮುರಿದಿತ್ತು, ಪಕ್ಕೆಲುಬು ಬಿರುಕು ಬಿಟ್ಟಿತ್ತು, ತಲೆಗೂ ಪೆಟ್ಟಾಗಿತ್ತು. ಮೂಳೆ ಡಾಕ್ಟರು ಮುಖ ಗಂಟು ಹಾಕಿಕೊಂಡರು. ಬಿದ್ದ ಕಡೆಯೇ ಅಲುಗದೆ ಇದ್ದಿದ್ದರೆ ಮುರಿತ ಇಷ್ಟು ಕೆಡುತ್ತಿರಲಿಲ್ಲ, ತೆವಳಿದ್ದರಿಂದ ಮೂಳೆ ಜರುಗಿ ನರ ಹಿಸುಕಿದೆ, ಎಡಗಾಲು ಎಷ್ಟರ ಮಟ್ಟಿಗೆ ಬರುತ್ತದೋ ನೋಡಬೇಕು ಅಂದರು. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡರು. ನಮ್ಮವರು ಗೋಡೆ ಕಡೆ ತಿರುಗಿ ನಿಂತರು. ಪಾಪ, ಒಡಹುಟ್ಟಿದವನಲ್ಲವೇ ಎಂದು ನಾನು ಅವರ ಬೆನ್ನು ಸವರಿದೆ.

ಆಪರೇಷನ್ನು ಮುಗಿದು ಮಿಣುಕನಿಗೆ ಸರಿಯಾಗಿ ಮಾತು ಬಂದ ದಿನ ಅವನು ಕೇಳಿದ ಮೊದಲ ಮಾತು ಟಾರ್ಚಿನದು.

“ಅಣ್ಣಾ, ನಾನು ಅಷ್ಟು ಬೀಸಿದ್ನಲ್ಲ, ಕಾಣಿಸ್ಲಿಲ್ವಾ ನಿಂಗೆ?”

ಬಿದ್ದ ಕೂಡಲೇ ಉಸಿರೇ ಸಿಕ್ಕಿಬಿದ್ದಂತಾಗಿ ಕೂಗಲು ಆಗಲಿಲ್ಲ ಎಂದು ಅವನು ಹೇಳಿದ. ಸ್ವಲ್ಪ ಹೊತ್ತು ಹಾಗೇ ಬಿದ್ದಿದ್ದ. ಆಮೇಲೆ ಟಾರ್ಚನ್ನು ಅಣ್ಣನ ಕಡೆಗೇ ತಿರುಗಿಸಿ ಬೀಸಿದ. ಕೈ ಸೋಲುವವರೆಗೆ ಬೀಸಿದ. ಯಾರೂ ಬರಲಿಲ್ಲ. ಇನ್ನು ತಾನೇ ಹೋಗಬೇಕು ಎಂದು ಮಣಿಕಟ್ಟಿನ ಪಟ್ಟಿ ಬಿಚ್ಚಿ, ಉರಿಯುತ್ತಿದ್ದ ಟಾರ್ಚನ್ನು ಅಲ್ಲೇ ಕಂಬದ ಕಡೆಗೆ ಇಟ್ಟು, ಎರಡೂ ಮೊಣಕೈ ಊರಿಕೊಂಡು ತೆವಳಿದ. ಅಷ್ಟೂ ಅವನಿಗೆ ಸ್ಪಷ್ಟವಾಗಿ ನೆನಪಿತ್ತು.

ನಮ್ಮವರು ಹಾಸಿಗೆಯ ಅಂಚು ಸರಿಪಡಿಸುತ್ತ ಹೇಳಿದರು. “ಇಲ್ಲ ಕಣೋ. ಟಾರ್ಚ್ ಈ ಕಡೆ ತಿರುಗ್ಲೇ ಇಲ್ಲ. ನಿಂಗೆ ಪ್ರಜ್ಞೆ ತಪ್ಪಿರ್ಬೇಕು.”

ಅಣ್ಣ ಹೇಳಿದ್ದು ಅವನಿಗೆ ಮೊದಲಿನಿಂದಲೂ ವೇದವಾಕ್ಯ. ತಲೆಯ ಡಾಕ್ಟರು ಬಂದಾಗ ತಾನೇ ಕೇಳಿದ: ಆಗದೇ ಇದ್ದದ್ದು ಆದ ಹಾಗೆ ನೆನಪಿರುವುದು ಉಂಟಾ ಎಂದು. ಪೆಟ್ಟಾದಾಗ ಹಾಗೆಲ್ಲ ಆಗುತ್ತದೆ, ತಲೆ ತನಗೆ ತೋಚಿದ್ದನ್ನು ಸೇರಿಸಿಕೊಳ್ಳುತ್ತದೆ, ಹೋಗುತ್ತಾ ಹೋಗುತ್ತಾ ಸರಿಹೋಗಬಹುದು ಎಂದು ಆ ಡಾಕ್ಟರು ಸಮಾಧಾನದ ದನಿಯಲ್ಲೇ ಹೇಳಿದರು. ಆ ‘ಬಹುದು’ ಮಿಣುಕನ ಎದೆಯಲ್ಲಿ ಕೂತುಬಿಟ್ಟಿತು.

ಅವತ್ತಿನಿಂದ ಹುಡುಗ ಇಳಿದುಹೋದ. ಕಾಲಿನ ಚಿಂತೆ ಮರೆತೇ ಹೋಯಿತು, ತಲೆಯದೇ ಚಿಂತೆ. ನಾನು ಹೋದಾಗಲೆಲ್ಲ ಏನಾದರೂ ಕೇಳಿ ಅತ್ತಿಗೆ, ಹಳೇದು ಏನಾದರೂ ಕೇಳಿ ಅನ್ನುತ್ತಿದ್ದ. ನಮ್ಮ ಮದುವೆಯಲ್ಲಿ ಏನು ಎಡವಟ್ಟಾಯಿತು, ಸ್ಟುಡಿಯೊದ ಬೋರ್ಡು ಮೊದಲು ಯಾವ ಬಣ್ಣದ್ದಿತ್ತು, ಎಲ್ಲ ಸರಿಯಾಗೇ ಹೇಳುತ್ತಿದ್ದ. ಹೇಳಿದ ಮೇಲೆ ನನ್ನ ಮುಖ ನೋಡುತ್ತಿದ್ದ, ನಿಜ ತಾನೇ ಎಂದು. ಎಲ್ಲ ಸರಿಯಿದೆಯಲ್ಲೋ ಅಂದರೆ, ಟಾರ್ಚಿನದೂ ಇಷ್ಟೇ ಚೆನ್ನಾಗಿ ನೆನಪಿದೆಯಲ್ಲ, ಅದು ಸುಳ್ಳಾದರೆ ಇದರಲ್ಲಿ ಯಾವುದು ನಿಜ ಎಂದು ನಾನು ಹೇಗೆ ನಂಬಲಿ ಅನ್ನುತ್ತಿದ್ದ.

ಶಾಲೆಯವರು ನೋಡಲು ಬಂದಾಗ ಅವನೇ ವ್ಯಾನಿನ ಕೆಲಸ ಬೇಡ ಅಂದುಬಿಟ್ಟ. ಕಾಲು ವಾಸಿಯಾಗುವವರೆಗೆ ಕಾಯುತ್ತೇವೆ ಎಂದು ಅವರೇ ಹೇಳುತ್ತಿದ್ದರು. ಕಾಲಿಗಲ್ಲ ಅಂದ. ಕೆಂಪು ದೀಪ ಬಿದ್ದಿದ್ದು ನೋಡಿದೆ ಅಂದುಕೊಳ್ತೀನಿ, ಬಿದ್ದೇ ಇರಲ್ಲ, ಇಲ್ಲಾ ಬಿದ್ದಿರತ್ತೆ, ನಾನು ನೋಡೇ ಇರಲ್ಲ, ಹಿಂದುಗಡೆ ಅಷ್ಟು ಮಕ್ಕಳಿರ್ತಾವೆ ಅಂದ. ಅವರು ಹೋದ ಮೇಲೆ ಮುಸುಕು ಹಾಕಿಕೊಂಡ. ಗಂಡಸರು ಮುಸುಕಿನೊಳಗೆ ಏಕೆ ಅಳುತ್ತಾರೋ, ಅತ್ತದ್ದು ನಮಗೆ ಗೊತ್ತಾಗುವುದಿಲ್ಲವೇ.

ಅದೇ ವಾರ ಗಿರಣಿಯ ಯಜಮಾನರು ಚಿತ್ರ ಏನಾಯಿತು ಎಂದು ಕೇಳಿಕಳಿಸಿದರು. ನಮ್ಮವರು ನನ್ನ ಕೋಣೆಗೆ ಬಂದು ಕಂಪ್ಯೂಟರಿನಲ್ಲಿ ಚಿತ್ರ ತೆರೆದಿಟ್ಟು, ಕೊನೆಯ ಕಂಬದ ಬುಡದಲ್ಲಿ ಒಂದು ಮಸುಕಿದೆ, ಅದನ್ನು ತೆಗೆದು ಕೊಟ್ಟುಬಿಡು ಅಂದರು. ನನ್ನ ಮುಖ ನೋಡದೆ ಹೊರಗೆ ಹೋದರು. ಮುಂದಿನ ಕೋಣೆಯಲ್ಲಿ ಯಾರಿಗೋ ಗಲ್ಲ ಎತ್ತಿ, ಕಣ್ಣು ಮಿಟುಕಿಸಬೇಡಿ ಎಂದು ಹೇಳುತ್ತಿದ್ದದ್ದು ಕೇಳಿಸುತ್ತಿತ್ತು.

ಚಿತ್ರ ಚೆನ್ನಾಗಿತ್ತು. ಸುಳ್ಳೇಕೆ ಹೇಳಲಿ, ಅವರು ತೆಗೆದದ್ದರಲ್ಲೇ ಅಂಥದ್ದು ಇನ್ನೊಂದಿಲ್ಲ. ಉದ್ದಕ್ಕೂ ಕಂಬಗಳ ಸಾಲು, ತುಕ್ಕು ಹಿಡಿದ ಮೆಟ್ಟಿಲು ಬಂಗಾರದ ಹಾಗೆ, ಕೊನೆಯ ಕಂಬದ ಬುಡದಲ್ಲಿ ಬೆಳಕು ತುಂಬಿ ತುಳುಕುತ್ತಿತ್ತು. ಬುಡದ ಆ ಮಸುಕನ್ನು ದೊಡ್ಡದು ಮಾಡಿದೆ. ಒಂದು ಮೊಣಕಾಲು. ಮಡಿಚಿದ ತೋಳು. ಅಂಗಿಯ ಕಾಲರು. ಅದು ಮಸುಕಲ್ಲ, ನನ್ನ ಮೈದುನ. ಎಂದೂ ಒಂದು ಕಡೆ ನಿಲ್ಲದವನು ಅವತ್ತು ಅಲುಗಾಡದೆ ಬಿದ್ದಿದ್ದ, ಅದಕ್ಕೇ ಮೂಡಿದ್ದ. ಇದನ್ನು ಒರೆಸಿ ಕೊಡು ಎಂದು ಅವನ ಅಣ್ಣ ನನಗೆ ಹೇಳಿ ಹೋಗಿದ್ದರು.

ಎದ್ದು ಹೋಗಿ ಬೈದುಬಿಡೋಣ ಅಂದುಕೊಂಡೆ. ಏಳುವ ಮುಂಚೆ ಇನ್ನೊಂದು ಕಣ್ಣಿಗೆ ಬಿತ್ತು. ಆ ತೋಳಿನ ತುದಿಯಲ್ಲಿ ಒಂದು ಬಿಳಿ ಚುಕ್ಕೆ, ಗುಂಡುಸೂಜಿಯ ತಲೆಯಷ್ಟು. ಬೇರೆ ಯಾರೇ ಆದರೂ ಧೂಳು ಎಂದು ಒರೆಸುತ್ತಿದ್ದರು. ಧೂಳು ಹಾಗೆ ಹೊಳೆಯುವುದಿಲ್ಲ. ಅದು ಟಾರ್ಚಿನ ಬಾಯಿ, ನೇರವಾಗಿ ಕ್ಯಾಮೆರಾ ಕಡೆಗೆ.

ಟಾರ್ಚು ಈ ಕಡೆ ತಿರುಗಲೇ ಇಲ್ಲ ಅಂದಿದ್ದರು.

ತಿರುಗಿತ್ತು. ಆದರೆ ಆ ಟಾರ್ಚು ಒಂದು ಉಸಿರಿನಷ್ಟು ಹೊತ್ತು ತಿರುಗಿ ನಿಂತರೂ ಚಿತ್ರದಲ್ಲಿ ತಟ್ಟೆಯಗಲ ತೂತು ಬೀಳುತ್ತದೆ, ನಾನು ಎಷ್ಟು ಸಲ ತೇಪೆ ಹಾಕಿಲ್ಲ. ಕೈ ಸೋಲುವವರೆಗೆ ಬೀಸಿದವನ ಬೆಳಕು ಗುಂಡುಸೂಜಿಯಷ್ಟಾಗಿ ಉಳಿಯುವುದು ಹೇಗೆ? ಒಂದೇ ದಾರಿ ಇತ್ತು. ಆ ದಾರಿ ನನಗೆ ಬೇಡವಾಗಿತ್ತು. ಹಾಗಾಗಿ ಅದು ಸುಳ್ಳೆಂದು ತೋರಿಸುವ ಗುರುತು ಚಿತ್ರದಲ್ಲಿ ಬೇರೇನಾದರೂ ಇದೆಯೇ ಎಂದು ಹುಡುಕಿದೆ. ಶೆಡ್ಡಿನ ಪಕ್ಕದ ಕಿಟಕಿಯ ಗಾಜಿನಲ್ಲಿ ರಸ್ತೆಯ ಕಂಬದ ದೀಪ ಕಾಣುತ್ತಿತ್ತು. ಅದು ಸಂಜೆಯೆಲ್ಲ ಒಂದೇ ಸಮ ಉರಿಯುವ ದೀಪ. ಕ್ಯಾಮೆರಾದ ಕಣ್ಣು ಹೆಚ್ಚು ಹೊತ್ತು ತೆರೆದಿದ್ದಷ್ಟೂ ಆ ಗಾಜು ಹೆಚ್ಚು ಬೆಳ್ಳಗಾಗಬೇಕು. ಅದೇ ಸಂಜೆ ಮೊದಲು ತೆಗೆದು ನೋಡಿದ್ದ ಚಿತ್ರಗಳನ್ನು ಪಕ್ಕದಲ್ಲಿಟ್ಟೆ. ಚಿತ್ರದ ಜೊತೆಗೇ ಕ್ಯಾಮೆರಾ ಬರೆದಿಡುವ ಲೆಕ್ಕದ ಪ್ರಕಾರ ಕೊನೆಯ ಚಿತ್ರಕ್ಕೆ ಅದು ತೆರೆದಿದ್ದದ್ದು ಹೆಚ್ಚುಕಡಿಮೆ ಎರಡರಷ್ಟು ಹೊತ್ತು. ಗಾಜು ಮಾತ್ರ ಮೊದಲಿನವುಗಳಷ್ಟೇ ಮಂಕು. ಅಂದರೆ ಅರ್ಧದಷ್ಟು ಹೊತ್ತು ಕ್ಯಾಮೆರಾದ ಕಣ್ಣಿಗೆ ಆ ಕರಿ ರಟ್ಟು ಅಡ್ಡ ಇತ್ತು. ಮತ್ತೆ ಮತ್ತೆ ನೋಡಿದೆ, ನನ್ನದೇ ತಪ್ಪಿರಲಿ ಎಂದು ಬೇಡಿಕೊಂಡು ನೋಡಿದೆ.

ಗಿರಾಕಿ ಹೋದ ಮೇಲೆ ಸ್ಟುಡಿಯೊದ ಬಾಗಿಲು ಎಳೆದು ನಮ್ಮವರನ್ನು ಒಳಗೆ ಕರೆದೆ. ಚಿತ್ರದ ಮುಂದೆ ಕೂರಿಸಿದೆ. ಬೈಯಲಿಲ್ಲ. ನಾನು ಬೈಯದೆ ಇದ್ದದ್ದು ನೋಡಿಯೇ ಅವರ ಮುಖ ಇಳಿಯಿತು. ಮೊದಲು ಲಾರಿಗಳು ಒಂದರ ಹಿಂದೆ ಒಂದು ಬಂದವು, ಅದಕ್ಕೆ ರಟ್ಟು ಹಿಡಿದೆ ಅಂದರು. ನಾನು ಆ ಬಿಳಿ ಚುಕ್ಕೆಯನ್ನು ಪರದೆಯ ತುಂಬ ದೊಡ್ಡದು ಮಾಡಿ ತೋರಿಸಿದೆ.

“ಕೋಪಕ್ಕೆ ಮಾಡ್ತಿದಾನೆ ಅಂದ್ಕೊಂಡೆ” ಅಂದರು. “ಹೊರಡೋವಾಗ ಜಗಳ ಆಗಿತ್ತಲ್ಲ. ಬೇಕೂಂತ ಚಿತ್ರ ಕೆಡಿಸ್ತಿದಾನೆ ಅಂದ್ಕೊಂಡೆ.”

ಹಾಗಿದ್ದರೆ ಆಸ್ಪತ್ರೆಯಲ್ಲಿ ಆ ಮಾತನ್ನೇ ಹೇಳಬಹುದಿತ್ತಲ್ಲ, ಟಾರ್ಚು ತಿರುಗಲೇ ಇಲ್ಲ ಎಂದು ಏಕೆ ಹೇಳಿದಿರಿ ಎಂದು ಕೇಳಿದೆ. ಅಮ್ಮ ಎದುರಿಗಿದ್ದರು, ಬಾಯಿಗೆ ಬಂದದ್ದು ಹಾಗೆ ಬಂತು, ಆಮೇಲೆ ಹಿಂದಕ್ಕೆ ತೆಗೆದುಕೊಳ್ಳಲಾಗಲಿಲ್ಲ ಅಂದರು. ನನ್ನ ಕೈ ಹಿಡಿಯಲು ಬಂದರು. ನಾನು ಕೊಡಲಿಲ್ಲ. ನೀವು ಹೇಳಿದ ಸುಳ್ಳಿಗೆ ಅವನು ತನ್ನ ತಲೆಯೇ ಕೆಟ್ಟಿದೆ ಎಂದು ನಂಬಿ ಕೂತಿದ್ದಾನೆ, ಅನ್ನದ ದಾರಿ ಬಿಟ್ಟಿದ್ದಾನೆ, ನಾಳೆ ನೀವೇ ಹೇಳಬೇಕು, ಇಲ್ಲದಿದ್ದರೆ ನಾನು ಹೇಳುತ್ತೇನೆ ಅಂದೆ. ಅವರು ಕಣ್ಣಲ್ಲಿ ನೀರು ತಂದುಕೊಂಡರು. ನನಗೆ ಅಯ್ಯೋ ಅನ್ನಿಸಲಿಲ್ಲ, ಅನ್ನಿಸಲಿಲ್ಲವಲ್ಲ ಎಂದು ಭಯವಾಯಿತು.

ಅತ್ತೆಗೆ ಮಗನೇ ಹೇಳಿದ್ದರೋ, ಗೋಡೆಗೇ ಕಿವಿಯಿತ್ತೋ, ಅಡುಗೆಮನೆಗೆ ಬಂದು ನನ್ನ ಪಕ್ಕದಲ್ಲಿ ನಿಂತರು. ಎಂದೂ ನನ್ನನ್ನು ಏನನ್ನೂ ಬೇಡಿದವರಲ್ಲ, ಹೇಳಿಯೇ ಅಭ್ಯಾಸ.

“ಒಬ್ಬ ಮಲಗಿದಾನೆ. ಇನ್ನೊಬ್ಬನ್ನೂ ಕಳ್ಕೊಳ್ಳೋ ಹಾಗೆ ಮಾಡ್ಬೇಡ ಕಣೇ. ತಲೆ ಸರಿಯಿದೆ ಅಂತ ಡಾಕ್ಟ್ರ ಕೈಲೇ ಹೇಳ್ಸೋಣ.”

ನನಗೂ ಒಂದು ಗಳಿಗೆ ಹಾಗೇ ಮಾಡಿಬಿಡೋಣ ಅನ್ನಿಸಿತು. ಇದು ಹೊರಬಂದರೆ ಒಡೆಯುವುದು ಅಣ್ಣ ತಮ್ಮಂದಿರದು ಮಾತ್ರವಲ್ಲ, ನನ್ನ ಸಂಸಾರವೂ ಹೌದು ಎಂದು ತಿಳಿಯದಷ್ಟು ಪೆದ್ದಿ ನಾನಲ್ಲ. ಆದರೆ ಡಾಕ್ಟರು ಏನು ಹೇಳಿದರೂ ಆ ಟಾರ್ಚು ಅವನ ನೆನಪಿನಲ್ಲಿ ಬೀಸುತ್ತಲೇ ಇರುತ್ತದೆ, ಅಣ್ಣ ಇಲ್ಲ ಅನ್ನುತ್ತಲೇ ಇರುತ್ತಾನೆ. ಒಬ್ಬ ಮನುಷ್ಯ ಬದುಕೆಲ್ಲ ತನ್ನ ಕಣ್ಣನ್ನೇ ಅನುಮಾನಿಸಿಕೊಂಡು ಕೂರುವುದನ್ನು ನೋಡುತ್ತ ನಾನು ಅವನಿಗೆ ಅನ್ನ ಬಡಿಸಲಾರೆ. ಅತ್ತೆಗೆ ಅಷ್ಟೇ ಹೇಳಿದೆ. ಅವರು ಹೋಗಿ ಮಲಗಿದರು.

ಮಾರನೆಯ ದಿನ ಮೂವರೂ ಹೋದೆವು. ಆಸ್ಪತ್ರೆಯ ಆ ಕೋಣೆಗೆ ಬೆಳಗಿನ ಬಿಸಿಲು ನೇರ ಬೀಳುತ್ತಿತ್ತು. ಮಿಣುಕ ದಿಂಬಿಗೆ ಒರಗಿ ಕೂತಿದ್ದ, ಗಡ್ಡ ಬೆಳೆದಿತ್ತು. ಅಣ್ಣನನ್ನು ನೋಡಿ ಜರುಗಿ ಜಾಗ ಮಾಡಲು ನೋಡಿದ, ಸೊಂಟ ಬಿಡಲಿಲ್ಲ. ನಮ್ಮವರು ಮಂಚದ ತುದಿಯಲ್ಲಿ ಕೂತರು. ಹವಾ ಹೇಗಿದೆ, ನರ್ಸು ಬಂದಿದ್ದಳಾ, ಊಟ ಸೇರಿತಾ ಎಂದು ಸುತ್ತಿ ಬಳಸಿ ಕೇಳುತ್ತಿದ್ದರು. ನಾನು ಕೆಮ್ಮಿದೆ. ಅವರು ನೆಲ ನೋಡಿಕೊಂಡು ಹೇಳಿದರು.

“ನಿನ್ ಟಾರ್ಚು ಕಾಣಿಸ್ತು ಕಣೋ. ನೀನು ಬೀಸಿದ್ದು ನಿಜ. ನಾನೇ ಸುಳ್ಳು ಹೇಳ್ದೆ.”

ಮಿಣುಕ ನನ್ನ ಕಡೆ ನೋಡಿದ. ನಾನು ಹೌದೆಂದು ತಲೆಯಾಡಿಸಿದೆ, ಚಿತ್ರದಲ್ಲೇ ಇದೆ, ನನ್ನ ಕಣ್ಣಾರೆ ನೋಡಿದೆ ಅಂದೆ. ಅವನ ಮುಖ ಅರಳಿದ್ದನ್ನು ಹೇಗೆ ಹೇಳಲಿ. ನಗುತ್ತಿದ್ದಾನೋ ಅಳುತ್ತಿದ್ದಾನೋ ತಿಳಿಯಲಿಲ್ಲ. ಪಕ್ಕೆ ನೋಯುತ್ತದೆ ಎಂದು ಒಂದು ಕೈಯಲ್ಲಿ ಹಿಡಿದುಕೊಂಡು, ಇನ್ನೊಂದರಲ್ಲಿ ಅಣ್ಣನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ.

“ಹಾಗಾದ್ರೆ ನನ್ ತಲೆ ಸರಿಯಿದೆ” ಅಂದ. “ಅಮ್ಮಾ, ಕೇಳಿದ್ಯಾ? ನನ್ ತಲೆ ಸರಿಯಿದೆ.”

ಅತ್ತೆ ಅಳತೊಡಗಿದರು. ನಮ್ಮವರೂ ಅತ್ತರು, ತಮ್ಮನ ಕೈಯನ್ನು ಹಣೆಗೆ ಒತ್ತಿಕೊಂಡರು. ಜಗಳದ ಕೋಪಕ್ಕೆ ಮಾಡುತ್ತಿದ್ದೀಯ ಅಂದುಕೊಂಡೆ, ಕ್ಷಮಿಸು ಅಂದರು. ಹೋಗಲಿ ಬಿಡು, ನಾನೂ ಮುಖ ಊದಿಸ್ಕೊಂಡೇ ಬಂದಿದ್ದೆ ಅಲ್ವಾ ಎಂದು ಮಿಣುಕ ಅವರನ್ನೇ ಸಮಾಧಾನ ಮಾಡಿದ. ಇಷ್ಟಕ್ಕೇ ಮುಗಿಯಿತೇನೋ, ಸುಮ್ಮನೆ ಹೆದರಿದೆನೇನೋ ಎಂದು ನನ್ನ ಎದೆಯ ಭಾರ ಇಳಿದ ಹಾಗಾಯಿತು. ನೀರು ಕೊಡಲು ಲೋಟ ತೊಳೆಯುತ್ತಿದ್ದೆ. ಆಗ ಮಿಣುಕ, ಸುಮ್ಮನೆ ಕೆಲಸದ ಮಾತು ಕೇಳುವವನ ಹಾಗೆ ಕೇಳಿದ. ಅಷ್ಟು ಬೀಸಿದರೂ ಚಿತ್ರ ಹೇಗೆ ಸುಡಲಿಲ್ಲ ಎಂದು.

ರಟ್ಟು ಹಿಡಿದಿದ್ದೆ ಅಂದರು ನಮ್ಮವರು.

“ಎಷ್ಟ್ ಹೊತ್ತು ಹಿಡ್ದಿದ್ದೆ?”

“ನೀನು ನಿಲ್ಸೋವರ್ಗೂ.”

“ಆಮೇಲೆ ಬಂದ್ಯಾ?”

ನಾನು ಲೋಟ ಹಿಡಿದು ನಿಂತೆ. ಇದು ನನಗೂ ಗೊತ್ತಿರಲಿಲ್ಲ, ಕೇಳಲು ನನಗೆ ಹೊಳೆದಿರಲಿಲ್ಲ. ನಮ್ಮವರು ಸುಳ್ಳು ಹೇಳಿಬಿಡಬಹುದಿತ್ತು, ಯಾವ ಚಿತ್ರವೂ ಅದನ್ನು ಹಿಡಿಯುತ್ತಿರಲಿಲ್ಲ. ಆದರೆ ಅಷ್ಟು ಹೊತ್ತಿಗೆ ಅವರಲ್ಲಿ ಸುಳ್ಳು ಹೇಳುವ ಶಕ್ತಿಯೂ ಉಳಿದಿರಲಿಲ್ಲ.

“ರಟ್ಟು ತೆಗ್ದೆ” ಅಂದರು. “ಕಂಬ ಇನ್ನೂ ಸ್ವಲ್ಪ ನೆನೀಬೇಕಿತ್ತು.”

ಮಿಣುಕ ಅದನ್ನು ಮನಸ್ಸಿನಲ್ಲಿ ಮೆಲ್ಲಗೆ ತಿರುವಿ ನೋಡಿದ. ಅವನು ಲೆಕ್ಕ ಹಾಕುತ್ತಿದ್ದದ್ದು ನನಗೆ ಕಾಣುತ್ತಿತ್ತು. ಬೀಸುವುದನ್ನು ಅವನು ನಿಲ್ಲಿಸಿದ್ದು ಟಾರ್ಚು ಕೆಳಗಿಟ್ಟಾಗ. ಕೆಳಗಿಟ್ಟದ್ದು ತೆವಳುವುದಕ್ಕೆ.

“ನಾನು ನಿನ್ ಕಡೆಗೇ ಬರ್ತಿದ್ದೆ” ಅಂದ. “ಕ್ಯಾಮೆರಾ ತೆರ್ದಿತ್ತು, ಎದುರಿಗೇ ತೆವಳ್ತಾ ಬರ್ತಿದ್ದೆ.”

ಕತ್ತಲಲ್ಲಿ ಕಾಣಲಿಲ್ಲ ಎಂದು ನಮ್ಮವರು ಬಾಯಿಯೊಳಗೇ ಅಂದರು. ಮಿಣುಕ ತನ್ನ ಕೈ ಹಿಂದಕ್ಕೆ ತೆಗೆದುಕೊಂಡ. ಕಿತ್ತುಕೊಳ್ಳಲಿಲ್ಲ, ಮೆಲ್ಲಗೆ ತೆಗೆದು ಹೊದಿಕೆಯ ಒಳಗಿಟ್ಟುಕೊಂಡ.

“ಅತ್ತಿಗೆ, ಅಣ್ಣಂಗೆ ಹೊರಗಡೆ ಹೋಗೋಕೆ ಹೇಳಿ.”

ನಾನು ಹೇಳಬೇಕಾಗಲಿಲ್ಲ. ನಮ್ಮವರು ಎದ್ದರು, ಚಪ್ಪಲಿ ಹುಡುಕಿ ಮೆಟ್ಟಿಕೊಂಡರು. ಬಾಗಿಲವರೆಗೆ ಹೋಗಿ, ಹಿಡಿಯ ಮೇಲೆ ಕೈಯಿಟ್ಟು, ಯಾರಾದರೂ ಕರೆಯುತ್ತಾರೇನೋ ಎಂದು ನಿಂತರು. ಅತ್ತೆ ಮಿಣುಕನ ಹೊದಿಕೆ ಸರಿಮಾಡುತ್ತಿದ್ದರು. ಅವರೂ ಕರೆಯಲಿಲ್ಲ.